ಹಣ್ಣಿನ ಸಾಕೆಗೆ ಹಣ್ಣು ಕೊನೆಗೆ ಸೇರಲಿ

ಮಾನ್ಯ ಸಂಪಾದಕರೇ,

ಅಕ್ಕಿಯಿಂದ ಮಾಡುವ ಜಪಾನಿ ಮದ್ಯ ಸಾಕೆಗೆ ಹಣ್ಣು ಸೇರಿಸಿ ಜಪಾನಿನ ಹೊರಗೆ ತಯಾರಿಸುವ ಹಣ್ಣಿನ ಸಾಕೆ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ನೋಡಿ ಸಂತೋಷವಾಯಿತು. ಆದರೆ ಸಾಕೆಯನ್ನು ‘ಅಕ್ಕಿ ಸಾರಾಯಿ’ ಎಂದದ್ದು ತಪ್ಪು. ಸಾರಾಯಿಯನ್ನು ಭಟ್ಟಿ ಇಳಿಸುತ್ತಾರೆ. ಸಾಕೆಯನ್ನು ಹುದುಗು ಬರಿಸಿ ಹಿಂಡುತ್ತಾರೆ. ಹಬೆಯಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಎರಡು ದಿನ ಬೆಳೆಸಿದ ಕೋಜಿ ಬೂಷ್ಟು ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಅದೇ ಪಾತ್ರೆಯಲ್ಲಿ ಯೀಸ್ಟ್ ಆ ಸಕ್ಕರೆಯನ್ನು ಮದ್ಯವಾಗಿಸುತ್ತದೆ.

ಹುದುಗುತ್ತಿರುವ ಅನ್ನಕ್ಕೇ ಮುರುಗಲು (ಕೋಕಂ) ರಸ ಸುರಿಯಬಹುದೆಂಬ ಆ ಬರಹದ ಸಲಹೆ ಇಡೀ ಪಾತ್ರೆಯನ್ನೇ ಕೆಡಿಸೀತು. ಅಷ್ಟು ಹುಳಿಯಲ್ಲಿ ಕೋಜಿಯ ಕಿಣ್ವ ಮಂಕಾಗುತ್ತದೆ, ಹಣ್ಣಿನ ಪರಿಮಳ ಗಾಳಿಯೊಂದಿಗೆ ಹಾರಿಹೋಗುತ್ತದೆ. ಹಿಂಡಿ ಸೋಸಿದ ಮೇಲೆಯೇ ಹಣ್ಣು ಸೇರಬೇಕು. ಶೇ 18 ಮದ್ಯಸಾರವಿರುವ ಸಾಕೆ 800 ಮಿ.ಲೀ.ಗೆ 200 ಮಿ.ಲೀ. ರಸ ಬೆರೆತರೆ ಮದ್ಯಸಾರ ಶೇ 14.4ಕ್ಕೆ ಇಳಿಯುತ್ತದೆ. ಯೀಸ್ಟ್ ಇನ್ನೂ ಜೀವಂತವಿದ್ದರೆ ರಸದ ಸಕ್ಕರೆ ಸಿಕ್ಕೊಡನೆ ಮತ್ತೆ ಉಕ್ಕಿ ಬಾಟಲಿ ಒಡೆಯುತ್ತದೆ. ಹಾಗಾಗಿ 65 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿ ತಕ್ಷಣ ತಣಿಸಬೇಕು. ಮುರುಗಲು ಸಿಪ್ಪೆ ಉಪ್ಪು ಹಾಕದ್ದೇ ಆಗಬೇಕು. ಅದರ ಕೆಂಪು ಬಣ್ಣ ಬೆಳಕಿಗೆ ಮಾಸುವುದರಿಂದ ಕಂದು ಬಾಟಲಿ ಒಳ್ಳೆಯದು. ನಮ್ಮ ಕಡೆಯ ಈಶಾಡು ಮಾವಿನ ತಿರುಳಿಗಾದರೆ ಮೊದಲೇ ಪೆಕ್ಟಿನೇಸ್ (ಹಣ್ಣಿನ ಪೆಕ್ಟಿನ್ ಅಂಟನ್ನು ಒಡೆಯುವ ಕಿಣ್ವ) ಹಾಕದಿದ್ದರೆ ಬಗ್ಗಡ ತಿಳಿಯಾಗದು.

ಬರಹದಲ್ಲಿ ನೀರಿನ ಮಾತೇ ಇಲ್ಲ. ನಮ್ಮ ಕರಾವಳಿಗೆ ಅದೇ ದೊಡ್ಡ ತೊಡಕು. ಚಿರೇಕಲ್ಲಿನ ಬಾವಿಯ ನೀರನ್ನು ರಾತ್ರಿ ಕೊಡದಲ್ಲಿಟ್ಟು ಬೆಳಿಗ್ಗೆ ತಳ ನೋಡಿ: ಕೆಂಪು ಗಸಿ ಕಂಡರೆ ಆ ನೀರು ಬೇಡ. ಕೋಜಿಯಲ್ಲಿರುವ ವಸ್ತುವೊಂದು ನೀರಿನ ಕಬ್ಬಿಣವನ್ನು ಹಿಡಿದುಕೊಂಡು ಸಾಕೆಯನ್ನು ಕಂದು ಮಾಡುತ್ತದೆ, ರುಚಿಯೂ ಹೋಗುತ್ತದೆ. ಕಬ್ಬಿಣ ಲೀಟರಿಗೆ 0.02 ಮಿ.ಗ್ರಾಂ ದಾಟಬಾರದು, ಕುಡಿಯಲು ಅಡ್ಡಿಯಿಲ್ಲದ ನೀರೂ ಇಲ್ಲಿ ಸೋಲಬಹುದು. ಅಕ್ಕಿಯೂ ಬೆಳ್ತಿಗೆಯೇ ಆಗಬೇಕು. ಕುಚ್ಚಲಕ್ಕಿಯಲ್ಲಿ ತೌಡಿನ ಅಂಶ ಕಾಳಿನೊಳಗೆ ಇಳಿದಿರುತ್ತದೆ, ಎಷ್ಟು ಪಾಲಿಶ್ ಮಾಡಿದರೂ ಹೋಗದು.

ಹೆಸರಿನ ಬಗ್ಗೆಯೂ ಎಚ್ಚರ ಬೇಕು. ಸಾಕೆಯ ಜಪಾನಿ ಹೆಸರಾದ ‘ನಿಹೋನ್‌ಶು’ ಎಂಬುದು 2015ರಿಂದ ಜಪಾನಿನ ಅಕ್ಕಿಯಿಂದ ಅಲ್ಲಿಯೇ ಮಾಡಿದ್ದಕ್ಕೆ ಮೀಸಲು. ಹಣ್ಣು ಸೇರಿಸಿದರೆ ಜಪಾನಿನಲ್ಲೂ ಅದು ಕಾನೂನಿನ ಪ್ರಕಾರ ‘ಸೇಯಿಶು’ (ಸಾಕೆಗೆ ಅಲ್ಲಿನ ಕಾನೂನಿನ ಹೆಸರು) ಅಲ್ಲ. ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಜಿಐ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಪಡೆದ ನಮಗೆ ಹೆಸರಿನ ಬೆಲೆ ಬೇರೆಯವರು ಹೇಳಬೇಕಿಲ್ಲ.

ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ ಎಂಬ ಒಂದು ಸಾಲನ್ನಾದರೂ ನೀವು ಸೇರಿಸಬೇಕಿತ್ತು. ಕುತೂಹಲ ಇರುವವರು ಮನೆಯಲ್ಲಿ ಅಮಝಾಕೆ ಎಂಬ ಸಿಹಿ ಅಕ್ಕಿ ಪಾನೀಯ ಮಾಡಿ ನೋಡಲಿ. ಅದಕ್ಕೆ ಯೀಸ್ಟ್ ಬೇಡ. ಕೋಜಿ, ಅನ್ನ, ನೀರು ಕಲಸಿ 55ರಿಂದ 60 ಡಿಗ್ರಿಯಲ್ಲಿ ಎಂಟು ಗಂಟೆ ಇಟ್ಟರೆ ಮದ್ಯವಾಗದೆ ಸಿಹಿಯಾಗುತ್ತದೆ. ಬಿಸಿ 50ಕ್ಕಿಂತ ಇಳಿದರೆ ಹುಳಿಯುತ್ತದೆ. ತಣಿದ ಮೇಲೆ ಒಂದು ಲೋಟಕ್ಕೆ ಎರಡು ಚಮಚ ಮುರುಗಲು ರಸ ಸಾಕು.

– ಹಣ್ಣು ಸಂಸ್ಕರಣೆಗಾರರು, ಅಂಕೋಲಾ