ಚರ್ಮ ಬೆಳೆಸೋ ಲ್ಯಾಬ್ ಬರಲಿ, ಅದರ ಕೊಳಕು ನೀರು ಯಗಚಿ ಹೊಳೆಗೆ ಬೇಡ

ಚಿಕ್ಕಮಗಳೂರಿನ ಶಾಸಕರಿಗೆ,

ನಮಸ್ಕಾರ ಸರ್. ಹೋದ ವರ್ಷ ನಮ್ಮಮ್ಮ ಬಚ್ಚಲ ಹಂಡೆಯ ಕುದಿನೀರು ಕಾಲ ಮೇಲೆ ಚೆಲ್ಲಿಕೊಂಡರು. ಆಸ್ಪತ್ರೆಯಲ್ಲಿ ನರ್ಸ್ ಒಂದು ಪೊಟ್ಟಣ ಹರಿದರು, ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ನೀರುದೋಸೆಗಿಂತ ತೆಳ್ಳಗಿನ ಒದ್ದೆ ಹಾಳೆ. ಕೊಲಾಜನ್ ಶೀಟ್ ಅಂದರು, ಸಲೈನ್‌ನಲ್ಲಿ ತೊಳೆದು ಗಾಯದ ಮೇಲೆ ಹಾಸಿದರು. ಪ್ರಾಣಿಗಳ ಚರ್ಮದಿಂದ, ಮೀನಿನಿಂದ ತೆಗೆಯೋ ಪ್ರೋಟೀನ್ ಅದು. ಅಮ್ಮನ ಕಾಲು ವಾಸಿಯಾಯಿತು, ಆ ಋಣ ದೊಡ್ಡದು. ಆದರೆ ಒಂದು ಸಲದ ಡ್ರೆಸ್ಸಿಂಗ್‌ಗೆ ಬುಟ್ಟಿಗೆ ಬಿದ್ದ ಕವರ್, ಗ್ಲೌಸ್, ಸಲೈನ್ ಬಾಟಲಿ ನೋಡಿ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಅವತ್ತಿನಿಂದ ಇದರ ಬಗ್ಗೆ ಸಿಕ್ಕಿದ್ದೆಲ್ಲಾ ಓದುತ್ತಿದ್ದೇನೆ.

ಈಗ ಲ್ಯಾಬ್‌ನಲ್ಲೇ ಚರ್ಮ, ಮೃದ್ವಸ್ಥಿ (ಕಿವಿ, ಮೂಗಿನಲ್ಲಿರೋ ಮೆತ್ತನೆ ಮೂಳೆ) ಬೆಳೆಸುತ್ತಾರೆ. ಬಳ್ಳಿಗೆ ಚಪ್ಪರ ಹಾಕಿದ ಹಾಗೆ ಜೀವಕೋಶಕ್ಕೂ ಒಂದು ಹಂದರ ಬೇಕು. ಸೀಗಡಿ ಸಿಪ್ಪೆಯ ಕೈಟೋಸಾನ್, ಕಡಲಪಾಚಿಯ ಆಲ್ಜಿನೇಟ್, ನಮ್ಮ ರೇಷ್ಮೆ, ಎಲ್ಲದರಿಂದಲೂ ಮಾಡುತ್ತಾರೆ. ಕೇಳೋಕೆ ಎಲ್ಲಾ ಹಸಿರು, ಅಲ್ವಾ? ರೇಷ್ಮೆಯನ್ನೇ ನೋಡಿ. ಗೂಡನ್ನು ಸೋಡಾ ಹಾಕಿದ ನೀರಲ್ಲಿ ಕುದಿಸಿ ಅಂಟು ತೆಗೆಯಬೇಕು, ಉಳಿದ ನೂಲನ್ನು ಲಿಥಿಯಂ ಬ್ರೋಮೈಡ್ ಅನ್ನೋ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಕರಗಿಸಬೇಕು, ಆಮೇಲೆ ಆ ಉಪ್ಪು ಹೋಗೋವರೆಗೆ ಎರಡು ದಿನ ಮತ್ತೆ ಮತ್ತೆ ನೀರು ಬದಲಾಯಿಸಬೇಕು. ಅಂಟಿನ ನೀರು, ಉಪ್ಪಿನ ನೀರು, ಎರಡೂ ಎಲ್ಲಿಗೆ ಹೋಗಬೇಕು?

ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಹಂದರವೂ ಇದೆ, ಮೆಕ್ಕೆಜೋಳದಿಂದ ಮಾಡಬಹುದು. ಮೈಯೊಳಗೆ ನಿಧಾನಕ್ಕೆ ಕರಗುತ್ತದೆ ನಿಜ, ಆದರೆ ಅದೇ ಮಣ್ಣಲ್ಲಿ ಬಿದ್ದರೆ ಬೇಗ ಕೊಳೆಯೋದಿಲ್ಲ, ಅದಕ್ಕೆ 60 ಡಿಗ್ರಿ ಹತ್ತಿರದ ಬಿಸಿ ಇರೋ ಕಾಂಪೋಸ್ಟ್ ಬೇಕು. ಅದನ್ನು ಎಳೆಯಾಗಿ ನೂಲೋಕೆ ಎಷ್ಟೋ ಕಡೆ ಕ್ಲೋರೋಫಾರ್ಮ್‌ನಂಥ ದ್ರಾವಕ ಬಳಸುತ್ತಾರೆ.

ನಾನು ಸಣ್ಣ ಕಾಫಿ ಬೆಳೆಗಾರ, ಕೊಳಕು ನೀರಿನ ವಿಷಯ ನನಗೆ ಪುಸ್ತಕದಿಂದ ಬಂದಿದ್ದಲ್ಲ. ನಮ್ಮಪ್ಪನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರನ್ನು ಸುಮ್ನೆ ಹಳ್ಳಕ್ಕೆ ಬಿಡುತ್ತಿದ್ದೆವು. ನೀರು ಕಪ್ಪಾಗಿ ನಾರುತ್ತಿತ್ತು, ಮೀನು ತೇಲುತ್ತಿತ್ತು. ಈಗ ಗುಂಡಿ ತೋಡಿ, ಸುಣ್ಣ ಹಾಕಿ, ನಿಲ್ಲಿಸುತ್ತೇವೆ. ಅಷ್ಟು ಕಲಿಯೋಕೆ ಎಷ್ಟೋ ವರ್ಷ ಬೇಕಾಯಿತು, ಅದೂ ಹಳ್ಳ ಕೆಟ್ಟ ಮೇಲೆ. ಯಗಚಿ ನಮ್ಮ ಬಾಬಾಬುಡನ್‌ಗಿರಿ ಕಡೆ ಹುಟ್ಟಿ, ಬೇಲೂರು ದಾಟಿ ಹೇಮಾವತಿಗೆ ಸೇರುತ್ತದೆ. ನಾವು ಇಲ್ಲಿ ಬಿಟ್ಟಿದ್ದನ್ನು ಹಾಸನದವರು ಕುಡಿಯುತ್ತಾರೆ ಸರ್.

ನಮ್ಮೂರಿಗೂ ಮೆಡಿಕಲ್ ಕಾಲೇಜು ಬಂದಿದೆ, ನಾಳೆ ಇಂಥ ಲ್ಯಾಬ್ ಕೂಡ ಬರಬಹುದು, ಬರಲಿ, ಸುಟ್ಟ ಗಾಯದವರನ್ನು ಬೆಂಗಳೂರಿಗೆ ಹೊತ್ತೊಯ್ಯೋದು ತಪ್ಪಲಿ. ರಾಸಾಯನಿಕದ ನೀರನ್ನು ಬೇರೆಯಾಗಿ ಹಿಡಿದು ಶುದ್ಧ ಮಾಡಬೇಕು ಅಂತ 2016ರ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೇ ಇದೆ. ಕಟ್ಟಡದ ನಕ್ಷೆ ನಿಮ್ಮ ಮುಂದೆ ಬಂದ ದಿನ ಮೊದಲು ಆ ನೀರಿನ ಪೈಪ್ ಎಲ್ಲಿದೆ ಅಂತ ಕೇಳಿ. ಇಂಥ ಸಾಮಾನು ಕೊಳ್ಳೋ ಟೆಂಡರ್‌ನಲ್ಲಿ ಬೆಲೆ ಒಂದೇ ಅಲ್ಲ, ಯಾವುದರಿಂದ ಮಾಡಿದ್ದು, ಯಾವ ದ್ರಾವಕ ಬಳಸಿದ್ದು, ಉಳಿದಿದ್ದನ್ನು ಯಾರು ವಾಪಸ್ ಒಯ್ಯುತ್ತಾರೆ ಅಂತಲೂ ಬರೆಸಿ. ನೀರಲ್ಲೇ ಕರಗಿಸಿ ಮಾಡೋ ಹಂದರಗಳೂ ಇವೆ. ಕೇಳಿದರೆ ತಾನೇ ಕೊಡೋದು.

ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹಣ್ಣು ಕೊಯ್ಲು, ಪಲ್ಪರ್ ಓಡುತ್ತಿರುತ್ತದೆ. ಒಂದು ಬೆಳಿಗ್ಗೆ ಬನ್ನಿ ಸರ್, ಗುಂಡಿ ತೋರಿಸುತ್ತೇನೆ.

ನಿಮ್ಮ ಕ್ಷೇತ್ರದ ಒಬ್ಬ ಮತದಾರ