ಅಪ್ಪನಿಗೆ, ಲಂಡನ್ನಿನಿಂದ

ಪ್ರೀತಿಯ ಅಪ್ಪನಿಗೆ,

ಅಮ್ಮ ಫೋನಿನಲ್ಲಿ ಹೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಎರಡು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿದೆಯಂತೆ, ನೀವೇ ಮೂಲವ್ಯಾಧಿ ಅಂತ ತೀರ್ಮಾನ ಮಾಡಿ ಗಾಂಧಿ ಬಜಾರಿನಿಂದ ಮುಲಾಮು ತಂದು ಹಚ್ಚಿಕೊಳ್ಳುತ್ತಿದ್ದೀರಂತೆ. ಮಗಳು ಇದೇ ಕೆಲಸ ಕಲಿಯುತ್ತಿರುವಾಗ ಸಂಕೋಚ ಯಾಕಪ್ಪಾ?

ನಾನು ದೊಡ್ಡ ಕರುಳಿನ ಸರ್ಜರಿ ಆರಿಸಿಕೊಂಡಾಗ ಅತ್ತೆ "ಹಾರ್ಟ್ ಬಿಟ್ಟು ಇದ್ಯಾಕೆ?" ಎಂದಿದ್ದರು. ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ 3 ವರ್ಷ, ಈಗ ಫೆಲೋಶಿಪ್. ಇಲ್ಲಿನವರದ್ದು ಇನ್ನೂ ಉದ್ದ: ಮೆಡಿಕಲ್ ಕಾಲೇಜು ಮುಗಿದ ಮೇಲೆ 2 ವರ್ಷ ಫೌಂಡೇಶನ್, 2 ವರ್ಷ ಕೋರ್ ಸರ್ಜರಿ, ಆಮೇಲೆ ಸುಮಾರು 6 ವರ್ಷ ಸ್ಪೆಷಾಲಿಟಿ ಟ್ರೈನಿಂಗ್. ಅಷ್ಟು ವರ್ಷ ಯಾಕೆ ಬೇಕು ಅನ್ನೋದು ಆಪರೇಷನ್ ಥಿಯೇಟರಿನಲ್ಲಿ ನಿಂತಾಗ ಅರ್ಥವಾಯಿತು. ಗುದನಾಳ, ಅಂದರೆ ದೊಡ್ಡ ಕರುಳಿನ ಕೊನೆಯ ಭಾಗ, ಇರೋದು ಸೊಂಟದ ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿ. ಪಕ್ಕದಲ್ಲೇ ಮೂತ್ರಕೋಶದ ನರಗಳು. ಕ್ಯಾನ್ಸರ್ ಇದ್ದರೆ ಸುತ್ತಲ ಕೊಬ್ಬಿನ ಸಮೇತ ಇಡಿಯಾಗಿ ತೆಗೆಯಬೇಕು, ಅಜ್ಜಿ ಕಿತ್ತಳೆ ತೊಳೆಯನ್ನು ಪೊರೆ ಹರಿಯದ ಹಾಗೆ ಬಿಡಿಸುತ್ತಿದ್ದರಲ್ಲ, ಹಾಗೆ. ಬಿಲ್ ಹೀಲ್ಡ್ ಅನ್ನೋ ಇಲ್ಲಿನ ಸರ್ಜನ್ 1982ರಲ್ಲಿ ಈ ವಿಧಾನ ಬರೆದು ತೋರಿಸಿದರು. ಅದು ಹರಡಿದ ಮೇಲೆ ಅದೇ ಜಾಗದಲ್ಲಿ ಕ್ಯಾನ್ಸರ್ ಮತ್ತೆ ಬರೋದು ತುಂಬಾ ಕಡಿಮೆಯಾಯಿತು.

ಆದರೆ ನನಗೆ ಜಾಸ್ತಿ ಕಲಿಸಿದ್ದು ಸ್ಟೋಮಾ ನರ್ಸ್. ಕೆಲವು ಆಪರೇಷನ್‌ಗಳಲ್ಲಿ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಸೇರೋ ಚೀಲ ಅಂಟಿಸಬೇಕಾಗುತ್ತದೆ, ಆ ಬಾಯಿಯೇ ಸ್ಟೋಮಾ, ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಜೀವನಪೂರ್ತಿ. ಅದರ ಜಾಗವನ್ನು ಆಪರೇಷನ್‌ಗೆ ಮುಂಚೆಯೇ ಪೆನ್ನಿನಲ್ಲಿ ಗುರುತು ಮಾಡುತ್ತಾರೆ, ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಮಡಿಕೆ ಎಲ್ಲಿ ಬೀಳುತ್ತೆ ಅಂತ ನೋಡಿ. ಕಳೆದ ವಾರ ಸೀರೆ ಉಡುವ ಒಬ್ಬ ಅಜ್ಜಿ ಬಂದಿದ್ದರು. ನೆರಿಗೆ ಎಲ್ಲಿ ಸಿಕ್ಕಿಸುತ್ತಾರೆ ಅಂತ ನರ್ಸ್ ನನ್ನನ್ನು ಕೇಳಿದರು. ತೋರಿಸಿದೆ. ಗುರುತು ಬೇರೆ ಕಡೆ ಹೋಯಿತು. ಆ ಅಜ್ಜಿ ನನ್ನ ಕೈ ಹಿಡಿದುಕೊಂಡೇ ಇದ್ದರು. ಬೆಂಗಳೂರಿಗೆ ವಾಪಸ್ ಬಂದು ನಾನು ಮಾಡಬೇಕಾದ ಕೆಲಸ ಇದೇ ಅಪ್ಪಾ, ಪಂಚೆ, ಸೀರೆ ಉಡುವ ನಮ್ಮ ಜನರಿಗೆ.

ಇಂಗ್ಲೆಂಡಿನಲ್ಲಿ 50ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಮಲಪರೀಕ್ಷೆಯ ಕಿಟ್ ಅಂಚೆಯಲ್ಲೇ ಮನೆಗೆ ಬರುತ್ತದೆ. ನಮ್ಮಲ್ಲಿ ಹಾಗಿಲ್ಲ, ನಾವೇ ಹೋಗಬೇಕು. ರಕ್ತ ಹೋಗೋದು ಬಹಳ ಸಲ ಮೂಲವ್ಯಾಧಿಯಿಂದಲೇ. ಆದರೆ ನಿಮ್ಮ ವಯಸ್ಸಿನಲ್ಲಿ ನೋಡದೆ ಹಾಗಂದುಕೊಳ್ಳಬಾರದು. ಕೊಲೊನೋಸ್ಕೋಪಿ ಮಾಡಿಸಿ, ಕ್ಯಾಮೆರಾ ಇರೋ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡೋ ಪರೀಕ್ಷೆ ಅದು. ಪಾಲಿಪ್ ಅನ್ನೋ ಸಣ್ಣ ಗಂಟು ಸಿಕ್ಕರೆ ಸಾಮಾನ್ಯವಾಗಿ ಆಗಲೇ ತೆಗೆದುಬಿಡುತ್ತಾರೆ, ಬಿಟ್ಟರೆ ಅಂಥವುಗಳಲ್ಲಿ ಕೆಲವು, ವರ್ಷಗಳು ಕಳೆದ ಮೇಲೆ, ಕ್ಯಾನ್ಸರ್ ಆಗುತ್ತವೆ.

ಹಿಂದಿನ ದಿನ ಭೇದಿ ಔಷಧಿ ಕುಡಿಯಬೇಕು, ಅದೇ ಸ್ವಲ್ಪ ಕಷ್ಟ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳುತ್ತಿರೋದನ್ನು ಡಾಕ್ಟರಿಗೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಮಂಪರು ಬರೋ ಇಂಜೆಕ್ಷನ್ ಕೊಡುತ್ತಾರೆ, ಆದ್ದರಿಂದ ಸ್ಕೂಟರ್ ಬೇಡ. ತಮ್ಮನಿಗೆ ರಜೆ ಹಾಕೋಕೆ ಹೇಳಿದ್ದೇನೆ. ದಿನ ಗೊತ್ತಾದ ತಕ್ಷಣ ಫೋನ್ ಮಾಡಿ, ಇಲ್ಲಿ ಎಷ್ಟು ಹೊತ್ತಾದರೂ ಸರಿ.

ನಿಮ್ಮ ಮಗಳು