ಗೆಳೆಯನಿಗೊಂದು ಪತ್ರ: ಕೈ ಪಳಗಿದೆ, ಇನ್ನು ನೋಡುವವರ ಮನಸ್ಸಿನ ಕಡೆ ಬಾ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಜಾದೂ ಆಟದ ವಿಡಿಯೋ ನೋಡಿದೆ. ಕೈ ಚೆನ್ನಾಗಿ ಪಳಗಿದೆ ಕಣೋ. ನಾಣ್ಯವನ್ನು ಎಡಗೈಗೆ ಹಾಕಿದಂತೆ ಮಾಡಿ ಬಲಗೈಯಲ್ಲೇ ಉಳಿಸಿಕೊಳ್ಳುವುದು ಈಗ ಸಲೀಸಾಗಿದೆ, ಎಲ್ಲೂ ತಡವರಿಕೆ ಇಲ್ಲ. ಆದರೂ ಮುಂದಿನ ಸಾಲಿನ ಮಕ್ಕಳು "ಸಾರ್, ಆ ಕೈಯಲ್ಲಿದೆ" ಅಂತ ಕೂಗಿದರು. ಅದಕ್ಕೇ ಕೈಗೆ ಇನ್ನೂ ಅಭ್ಯಾಸ ಬೇಕು ಅಂತ ಬರೆದಿದ್ದೀಯ. ನನಗೆ ಹಾಗನ್ನಿಸಲಿಲ್ಲ. ಆ ಮಕ್ಕಳಿಗೆ ನಾಣ್ಯ ಕಾಣಲೇ ಇಲ್ಲ. ಅವರು ನೋಡುತ್ತಿದ್ದದ್ದು ನಿನ್ನ ಮುಖ. ಎಡಗೈ ಮುಚ್ಚಿದ ತಕ್ಷಣ ನಿನ್ನ ಕಣ್ಣು ಒಂದೇ ಒಂದು ಗಳಿಗೆ ಬಲಗೈ ಕಡೆ ಹೋಗಿ ಬಂತು, ಅವರಿಗೆ ಅಷ್ಟು ಸಾಕಾಯಿತು.

ಹಾಗಾಗಿ ಈ ಪತ್ರದಲ್ಲಿ ಕೈಚಳಕದ ಪಾಠ ಇಲ್ಲ. ನೋಡುವವರ ಗಮನ, ನೆನಪು, ಊಹೆ, ಇವುಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಈ ತೊಂದರೆ ನಿನ್ನೊಬ್ಬನದೇ ಅಲ್ಲ, ಅದಕ್ಕೇ ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ಮೊದಲೇ ಅಚ್ಚಾಗಿ ಬಂದದ್ದು, ಯಾವ ಜಾದೂಗಾರರ ಹೊಟ್ಟೆಪಾಡಿನ ಗುಟ್ಟನ್ನೂ ಬಿಚ್ಚುತ್ತಿಲ್ಲ.

ಕಣ್ಣಿನಿಂದಲೇ ಶುರು ಮಾಡೋಣ. ಚೆಂಡನ್ನು ಒಂದೆರಡು ಸಲ ನಿಜವಾಗಿ ಮೇಲಕ್ಕೆಸೆದು ಹಿಡಿದು, ಆಮೇಲೆ ಎಸೆದಂತೆ ಮಾಡಿ ಅಂಗೈಯಲ್ಲೇ ಉಳಿಸಿಕೊಳ್ಳುವ ಹಳೇ ಆಟ ಇದೆಯಲ್ಲ, ಅದರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ನಾರ್ಮನ್ ಟ್ರಿಪ್ಲೆಟ್ 1900ರಲ್ಲೇ ಬರೆದಿದ್ದ. ಶಾಲೆಯ ಮಕ್ಕಳ ಮುಂದೆ ಮಾಡಿ ನೋಡಿದಾಗ ಎಷ್ಟೋ ಮಕ್ಕಳು ಚೆಂಡು ಮೇಲಕ್ಕೆ ಹೋಗಿ ಗಾಳಿಯಲ್ಲೇ ಮಾಯವಾಯಿತು ಅಂದರು. 2006ರಲ್ಲಿ ಬ್ರಿಟನ್ನಿನ ಗುಸ್ತಾವ್ ಕೂನ್ ಮತ್ತು ಮೈಕಲ್ ಲ್ಯಾಂಡ್ ಅದನ್ನೇ ಮತ್ತೆ ಪರೀಕ್ಷೆ ಮಾಡಿದರು. ಕೂನ್ ತಾನೇ ಜಾದೂಗಾರ. ಸುಳ್ಳು ಎಸೆತದಲ್ಲಿ ಅವನು ತಲೆಯೆತ್ತಿ ಮೇಲೆ ನೋಡಿದಾಗ ಮೂರರಲ್ಲಿ ಎರಡು ಪಾಲು ಜನ ಚೆಂಡು ಮೇಲೆ ಹೋದದ್ದನ್ನು ಕಂಡೆವು ಅಂದರು. ಕೈಯಲ್ಲಿ ಏನೂ ಬದಲಾಗದೆ, ಸುಮ್ನೆ ಕೈಯನ್ನೇ ನೋಡುತ್ತಿದ್ದಾಗ ಹಾಗಂದವರು ಮೂರರಲ್ಲಿ ಒಂದು ಪಾಲು. ಇನ್ನೂ ದೊಡ್ಡ ವಿಷಯ ಏನು ಗೊತ್ತಾ, ಅವರ ಕಣ್ಣು ಎಲ್ಲಿ ಹೋಗುತ್ತದೆ ಅಂತ ಯಂತ್ರ ಇಟ್ಟು ಅಳೆದಾಗ, ಚೆಂಡು ಕಂಡಿತು ಅಂದ ಆ ಮೇಲಿನ ಜಾಗಕ್ಕೆ ಅವರ ದೃಷ್ಟಿ ಹೋಗಿರಲೇ ಇಲ್ಲ. ಅವನ ಮುಖ ನೋಡಿದರು, ಉಳಿದದ್ದನ್ನು ಮನಸ್ಸೇ ತುಂಬಿಕೊಂಡಿತು.

ಇದನ್ನು ನಿನ್ನ ನಾಣ್ಯಕ್ಕೆ ತಾ. ಎಡಗೈಯಲ್ಲಿ ನಾಣ್ಯ ನಿಜವಾಗಿ ಇದೆ ಅಂತ ಮೊದಲು ನೀನು ನಂಬಬೇಕು. ನಾಣ್ಯವನ್ನು ನಿಜವಾಗಿಯೇ ಎಡಗೈಗೆ ಹಾಕಿ, ನಿನ್ನ ತಲೆ ಹೇಗೆ ತಿರುಗುತ್ತದೆ, ಮುಷ್ಟಿ ಎಷ್ಟು ಸಡಿಲವಾಗಿರುತ್ತದೆ, ಖಾಲಿಯಾದ ಬಲಗೈ ಎಲ್ಲಿ ಬೀಳುತ್ತದೆ, ಎಲ್ಲ ಗಮನಿಸು. ಆಮೇಲೆ ಸುಳ್ಳು ಚಲನೆಯಲ್ಲೂ ಅದೇ ಬರಲಿ. ಹೊಸಬರು ಸುಳ್ಳು ಮುಷ್ಟಿಯನ್ನು ಜಾಸ್ತಿ ಬಿಗಿ ಹಿಡಿಯುತ್ತಾರೆ. ನಾಣ್ಯ ಹಿಡಿದವರು ಯಾರೂ ಹಾಗೆ ಹಿಡಿಯುವುದಿಲ್ಲ.

ಪ್ರಶ್ನೆ ಕೇಳುವುದನ್ನೂ ಕಲಿ. "ನಿನ್ನ ಹೆಸರೇನಮ್ಮಾ?" ಅಂತ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಆ ಮಗು ನಿನ್ನ ಕೈ ಬಿಟ್ಟು ಮುಖ ನೋಡಲೇಬೇಕು, ಪಕ್ಕದವರು ಆ ಮಗುವನ್ನು ನೋಡುತ್ತಾರೆ. ಮಾಡಬೇಕಾದ್ದನ್ನು ಆ ಹೊತ್ತಿನಲ್ಲಿ ಮಾಡು. ನಕ್ಕ ಮೇಲೂ ಅಷ್ಟೇ, ಚಪ್ಪಾಳೆ ಬಿದ್ದ ಮೇಲೂ ಅಷ್ಟೇ, ಆಟ ಮುಗಿಯಿತು ಅಂದುಕೊಂಡು ಎಲ್ಲರೂ ಒಂದು ಕ್ಷಣ ಉಸಿರು ಬಿಡುತ್ತಾರೆ. ಮುಂದಿನ ಆಟದ ತಯಾರಿ ಅಲ್ಲೇ ಆಗಿಹೋಗಬೇಕು. ಇಟಲಿ ಮೂಲದ ಜಾದೂಗಾರ ಸ್ಲೈಡಿನಿ ಇದರಲ್ಲಿ ದೊಡ್ಡ ಕೈ. ಮುಂದಕ್ಕೆ ಬಾಗಿದರೆ ಎಲ್ಲರ ಗಮನ ಬಿಗಿಯಾಗುತ್ತಿತ್ತು, ಹಿಂದಕ್ಕೆ ಒರಗಿದರೆ ಸಡಿಲವಾಗುತ್ತಿತ್ತು. ಅವನ ಹಳೇ ದೃಶ್ಯಗಳು ಸಿಗುತ್ತವೆ, ಸದ್ದು ಬಂದ್ ಮಾಡಿ ಬರೀ ಅವನ ಬೆನ್ನು, ಭುಜ ನೋಡು.

ಇನ್ನು ಮಾತಿಗೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಕೂತದ್ದೇ ಇದಕ್ಕೆ. ವಿಡಿಯೋದಲ್ಲಿ ನೀನು "ಇದು ಮಾಮೂಲಿ ನಾಣ್ಯ, ಇದರಲ್ಲಿ ಮೋಸ ಇಲ್ಲ, ಈ ಕೈಯಲ್ಲಿ ಏನೂ ಇಲ್ಲ" ಅಂತ ಒಂದೇ ಸಮನೆ ಹೇಳುತ್ತೀಯ. ಯಾರೂ ಕೇಳದಿದ್ದ ಅನುಮಾನವನ್ನು ನೀನೇ ಅವರ ತಲೆಗೆ ಹಾಕಿದೆ. ನಾವು ಬಾಯಿಬಿಟ್ಟು ಹೇಳಿದ್ದನ್ನು ಜನ ತೂಗಿ ನೋಡುತ್ತಾರೆ. ತಾವಾಗಿಯೇ ಅಂದುಕೊಂಡದ್ದನ್ನು ಮಾತ್ರ ಮರುಮಾತಿಲ್ಲದೆ ನಂಬುತ್ತಾರೆ. ಸೂಚನೆ ಅಂತ ನಾವು ಹೇಳುವುದೆಲ್ಲ ಇಷ್ಟೇ: ನಿನಗೆ ಬೇಕಾದ ತೀರ್ಮಾನಕ್ಕೆ ಅವರೇ ನಡೆದು ಬರುವಂತೆ ಮಾಡುವುದು. ನಾಣ್ಯವನ್ನು ಒಬ್ಬರ ಕೈಗೆ ಕೊಟ್ಟು "ಯಾವ ವರ್ಷದ್ದು ನೋಡಿ" ಅಂತ ಕೇಳು. ಅವರು ವರ್ಷ ಹುಡುಕುತ್ತಾ ನಾಣ್ಯವನ್ನು ತಿರುಗಿಸಿ ನೋಡುತ್ತಾರೆ, ಅದು ಮಾಮೂಲಿ ನಾಣ್ಯ ಅಂತ ತಾವೇ ಒಪ್ಪಿಕೊಳ್ಳುತ್ತಾರೆ. ನೀನು ಒಂದಕ್ಷರ ಹೇಳಬೇಕಿಲ್ಲ.

ಇದರ ಬಲ ಎಷ್ಟು ಅಂತ ತಿಳಿಯಲು ಸೊರ್ಕಾರ್ ಅವರ ಕಥೆ ಸಾಕು. 1956ರ ಏಪ್ರಿಲ್‌ನಲ್ಲಿ ಬಂಗಾಳದ ನಮ್ಮ ಪಿ. ಸಿ. ಸೊರ್ಕಾರ್ ಬಿಬಿಸಿಯ ಪನೋರಮಾ ಕಾರ್ಯಕ್ರಮದ ಕೊನೆಯಲ್ಲಿ ಹುಡುಗಿಯೊಬ್ಬಳನ್ನು ಗರಗಸದಿಂದ ಕೊಯ್ಯುವ ಆಟ ತೋರಿಸಿದರು. ಮುಗಿದ ಮೇಲೆ ಅವಳ ಕೈ ಉಜ್ಜಿ ಎಬ್ಬಿಸಲು ನೋಡಿದರು. ಅವಳು ಏಳಲಿಲ್ಲ. ಅವರು ತಲೆ ಅಲ್ಲಾಡಿಸಿ ಮುಖದ ಮೇಲೆ ಕಪ್ಪು ಬಟ್ಟೆ ಹೊದಿಸಿದರು, ಅಷ್ಟರಲ್ಲಿ ನಿರೂಪಕ ರಿಚರ್ಡ್ ಡಿಂಬಲ್‌ಬಿ ಕ್ಯಾಮೆರಾ ಮುಂದೆ ಬಂದು ಕಾರ್ಯಕ್ರಮ ಮುಗಿಯಿತು ಅಂದ. ಹುಡುಗಿ ಸತ್ತೇಹೋದಳು ಅಂತ ಗಾಬರಿಯಾದ ಜನರ ಕರೆಗಳು ಬಿಬಿಸಿಗೆ ಒಂದೇ ಸಮನೆ ಬಂದವು. ಅವಳು ಸತ್ತಳು ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಸೊರ್ಕಾರ್ ಹೇಳದೇ ಬಿಟ್ಟದ್ದನ್ನು ನೋಡಿದವರು ತಮ್ಮ ತಮ್ಮ ಮನೆಯಲ್ಲಿ ಕೂತು ತಾವೇ ಪೂರ್ತಿ ಮಾಡಿಕೊಂಡರು.

ಅದೇ ಸಾಮಾನು, ಬೇರೆ ಮಾತು ಅಂದರೆ ಏನು ಅನ್ನುವುದಕ್ಕೆ ಇನ್ನೊಂದು ಕಥೆ, ಫ್ರಾನ್ಸಿನ ಹಳೇ ಜಾದೂಗಾರ ರಾಬರ್ಟ್ ಹೂಡಿನ್‌ನದು. ಅವನ ಹತ್ತಿರ ಒಂದು ಪೆಟ್ಟಿಗೆ ಇತ್ತು. ತಳದಲ್ಲಿ ಕಬ್ಬಿಣ, ವೇದಿಕೆಯ ಕೆಳಗೆ ವಿದ್ಯುತ್ ಅಯಸ್ಕಾಂತ. ಪ್ಯಾರಿಸ್ಸಿನಲ್ಲಿ ಅದನ್ನು ಬೇಕೆಂದಾಗ ಭಾರವಾಗುವ ಪೆಟ್ಟಿಗೆ ಅಂತ ತೋರಿಸುತ್ತಿದ್ದ. 1856ರಲ್ಲಿ ಫ್ರೆಂಚ್ ಸರ್ಕಾರ ಅವನನ್ನು ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿ ಜನ ಮರ್ಯಾದೆ ಕೊಡುತ್ತಿದ್ದ ಧಾರ್ಮಿಕ ಹಿರಿಯರ ಪ್ರಭಾವ ತಗ್ಗಿಸಬೇಕಿತ್ತು. ಅಲ್ಲಿ ಅವನು ಪೆಟ್ಟಿಗೆಯ ಮಾತೇ ಎತ್ತಲಿಲ್ಲ. ಗಟ್ಟಿಮುಟ್ಟಾದ ಒಬ್ಬನನ್ನು ಕರೆದು "ನಿನ್ನ ಶಕ್ತಿಯನ್ನು ಕಿತ್ತುಕೊಳ್ಳುತ್ತೇನೆ" ಅಂದ. ಮೊದಲು ಸಲೀಸಾಗಿ ಎತ್ತಿದ್ದ ಪೆಟ್ಟಿಗೆಯನ್ನು ಆಮೇಲೆ ಆ ಮನುಷ್ಯನಿಗೆ ಅಲುಗಿಸಲೂ ಆಗಲಿಲ್ಲ. ಮಾತು ಆ ಮನುಷ್ಯನ ಮೇಲೇ ಇದ್ದದ್ದರಿಂದ ಕಾರಣವನ್ನೂ ಜನ ಅವನ ಮೈಯಲ್ಲೇ ಹುಡುಕಿದರು, ನೆಲದ ಕಡೆ ಯಾರ ಯೋಚನೆಯೂ ಹೋಗಲಿಲ್ಲ. ಜಾದೂವಿನ ಲೆಕ್ಕದಲ್ಲಿ ಇದು ಅಪ್ಪಟ ಬುದ್ಧಿವಂತಿಕೆ. ಆದರೆ ಆಳುವವರು ಆಳಿಸಿಕೊಳ್ಳುವವರನ್ನು ಹೆದರಿಸಲು ಬಳಸಿದ ಆಟ ಅದು. ಅದನ್ನು ಬರೀ ಮೆಚ್ಚಿ ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ.

ನಿನ್ನ ಆಟ ನೋಡಿದವರು ಮನೆಗೆ ಹೋಗಿ ಏನು ಹೇಳುತ್ತಾರೆ ಅನ್ನುವುದೂ ಆಟದ ಭಾಗವೇ. ನೆನಪಿನ ಬಗ್ಗೆ ಸಂಶೋಧನೆ ಮಾಡಿದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದೇ ಚಲನಚಿತ್ರ ತೋರಿಸಿದರು. 50 ಜನಕ್ಕೆ ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ಎಷ್ಟು ವೇಗ ಇತ್ತು ಅಂತ ಕೇಳಿದರು, ಇನ್ನು 50 ಜನಕ್ಕೆ ಬರೀ ಡಿಕ್ಕಿಯಾದಾಗ ಅಂತ ಕೇಳಿದರು. ಒಂದು ವಾರ ಬಿಟ್ಟು ಒಡೆದ ಗಾಜು ನೋಡಿದಿರಾ ಅಂದಾಗ ಮೊದಲ ಗುಂಪಿನ 16 ಜನ ಹೂಂ ಅಂದರು, ಎರಡನೆಯದರಲ್ಲಿ 7 ಜನ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. 2005ರಲ್ಲಿ ರಿಚರ್ಡ್ ವೈಸ್‌ಮನ್ ಮತ್ತು ಎಮ್ಮಾ ಗ್ರೀನಿಂಗ್ ಇನ್ನೂ ನೇರವಾಗಿ ನಮ್ಮ ಕಸುಬಿನ ಹತ್ತಿರ ಬಂದರು. ಕೈಚಳಕದಿಂದ ಬಗ್ಗಿಸಿದ ಕೀಯನ್ನು ಮೇಜಿನ ಮೇಲೆ ಇಟ್ಟು, "ಅದು ಇನ್ನೂ ಬಗ್ಗುತ್ತಿದೆ" ಅಂತ ಆಟಗಾರ ಹೇಳುವ ವಿಡಿಯೋ ಕೆಲವರಿಗೆ, ಆ ಮಾತಿಲ್ಲದ ವಿಡಿಯೋ ಉಳಿದವರಿಗೆ ತೋರಿಸಿದರು. ಮಾತು ಕೇಳಿಸಿಕೊಂಡವರಲ್ಲಿ ಎಷ್ಟೋ ಜನ ಸುಮ್ಮನೆ ಬಿದ್ದಿದ್ದ ಕೀ ಬಗ್ಗುತ್ತಲೇ ಇತ್ತು ಅಂದರು.

ಮೇಲಕ್ಕೆಸೆದ ಹಗ್ಗ ಗಾಳಿಯಲ್ಲೇ ನೆಟ್ಟಗೆ ನಿಂತು, ಹುಡುಗನೊಬ್ಬ ಅದನ್ನು ಹತ್ತಿ ಮಾಯವಾಗುತ್ತಾನೆ ಅನ್ನುವ, ನಮ್ಮ ದೇಶದ ಹೆಸರಿನ ಹಗ್ಗದ ಜಾದೂ ಕೂಡ ಹೀಗೇ ಬೆಳೆದದ್ದು. 1890ರಲ್ಲಿ ಶಿಕಾಗೋದ ಒಂದು ಪತ್ರಿಕೆ ಕಟ್ಟುಕಥೆ ಬರೆಯಿತು, ಕೆಲವು ತಿಂಗಳಲ್ಲಿ ಅದು ಸುಳ್ಳು ಅಂತ ತಾನೇ ಒಪ್ಪಿಕೊಂಡಿತು. ಆದರೂ ಆಮೇಲೆ ನಾನೇ ಕಣ್ಣಾರೆ ಕಂಡೆ ಅನ್ನುವವರು ಸಾಲುಗಟ್ಟಿದರು. 1996ರಲ್ಲಿ ವೈಸ್‌ಮನ್ ಮತ್ತು ಪೀಟರ್ ಲಮಾಂಟ್ ಆ ಸಾಕ್ಷಿಗಳನ್ನೆಲ್ಲ ಜೋಡಿಸಿ ನೋಡಿದಾಗ, ಕಂಡದ್ದಕ್ಕೂ ಹೇಳಿದ್ದಕ್ಕೂ ನಡುವೆ ಎಷ್ಟು ಜಾಸ್ತಿ ವರ್ಷವೋ ಕಥೆ ಅಷ್ಟು ಅದ್ಭುತವಾಗಿತ್ತು.

ಹಾಗಾಗಿ ಆಟ ಮುಗಿಯುವ ಮುಂಚೆ ನಡೆದದ್ದನ್ನು ಒಮ್ಮೆ ನೀನೇ ನೆನಪಿಸಿಬಿಡು. ಇಸ್ಪೀಟಿನ ಆಟವಾದರೆ ಹೀಗೆ: "ಎಲೆ ಕಲಸಿದ್ದು ನೀವು, ಆರಿಸಿದ್ದು ನೀವು, ನಾನು ದೂರ ನಿಂತಿದ್ದೆ." ನಡುವೆ ಕಟ್ಟು ನಿನ್ನ ಕೈಗೆ ಬಂದು ಹೋದ ಆ ಎರಡು ಸೆಕೆಂಡು ಆ ಸಾಲಿನಲ್ಲಿ ಇರುವುದಿಲ್ಲ, ನಾಳೆ ಅವರ ನೆನಪಿನಲ್ಲೂ ಇರುವುದಿಲ್ಲ.

ಆಯ್ಕೆಯ ಆಟಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದರಿಂದ ಹತ್ತರೊಳಗೆ ಥಟ್ಟಂತ ಒಂದು ಸಂಖ್ಯೆ ಹೇಳಿ ಅಂದರೆ ಏಳು ಅನ್ನುವವರು ಜಾಸ್ತಿ, ಇದು ನಿನಗೂ ಗೊತ್ತು. ಆದರೆ ಅದನ್ನೇ ನಂಬಿ ಆಟ ಕಟ್ಟಬೇಡ. ನಾಲ್ಕು ಅಂದರೂ ಐದು ಅಂದರೂ ಮುಗಿಸಲು ಬೇರೆ ದಾರಿ ಮೊದಲೇ ಇರಬೇಕು, ಅದೇ ಮೊದಲಿಂದ ಇದ್ದ ಆಟ ಅಂತ ಕಾಣಬೇಕು. ಕೆನಡಾದ ಜೇ ಓಲ್ಸನ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಸ್ಪೀಟು ಕಟ್ಟನ್ನು ಸರಸರ ಬಿಡಿಸುವಾಗ ಒಂದು ಎಲೆ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕಾಣುವಂತೆ ಮಾಡಿದರು. ನೂರಕ್ಕೆ 98 ಜನ ಅದನ್ನೇ ಆರಿಸಿದರು, ಬಹುತೇಕರಿಗೆ ಅದು ತಮ್ಮ ಸ್ವಂತ ಆಯ್ಕೆ ಅನ್ನಿಸಿತು. ಅದೇ ಆಟ ಕಂಪ್ಯೂಟರ್ ಪರದೆಗೆ ಹೋದಾಗ ಫಲ ತೀರಾ ಇಳಿಯಿತು. ಎದುರಿಗೆ ನಿಂತ ಮನುಷ್ಯ, ಅವನ ದನಿ, ಅವನ ನಿರೀಕ್ಷೆ, ಇವೂ ಕೆಲಸ ಮಾಡುತ್ತವೆ ಅನ್ನುವುದಕ್ಕೆ ನನಗೆ ಇಷ್ಟು ಸಾಕು.

ಕೊನೆಗೆ ಒಂದು ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ಮನಸ್ಸು ಓದುವಂತೆ ಕಾಣುವ ಆಟ ಮಾಡಿದ ಮೇಲೆ ಯಾರೋ ಒಬ್ಬರು ಪಕ್ಕಕ್ಕೆ ಕರೆದು "ಮಗಳ ಮದುವೆ ಯಾವಾಗ ಆಗುತ್ತೆ ಹೇಳಿ ಸಾರ್" ಅಂತ ಕೇಳುತ್ತಾರೆ. ಖಂಡಿತ ಕೇಳುತ್ತಾರೆ. ಆಗ ಏನು ಹೇಳಿದರೂ ಅವರಿಗೆ ಹೊಂದುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ 1948ರಲ್ಲಿ 39 ವಿದ್ಯಾರ್ಥಿಗಳಿಗೆ ನಿಮ್ಮ ನಿಮ್ಮ ಸ್ವಭಾವ ಅಂತ ಹೇಳಿ ಒಂದೇ ಬರಹ ಹಂಚಿದ್ದ, ಹೆಚ್ಚಿನ ಭಾಗ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಅವರು ಅದಕ್ಕೆ ಐದರಲ್ಲಿ ಸರಾಸರಿ 4.26 ಅಂಕ ಕೊಟ್ಟರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ ನೆಲ ಇದು. ಹುಲಿಕಲ್ ನಟರಾಜ್ ಅಂಥವರು ಇಂದಿಗೂ ಪವಾಡಗಳ ಗುಟ್ಟನ್ನು ಜನರ ಮುಂದೆ ಬಿಚ್ಚಿ ತೋರಿಸುತ್ತಾರೆ. ಆ ಕೆಲಸಕ್ಕೆ ನಮ್ಮಿಂದ ಅಡ್ಡಿ ಬರಬಾರದು. ವೇದಿಕೆ ಮೇಲೆ ಎಷ್ಟು ಬೇಕಾದರೂ ಬೆರಗು ಹುಟ್ಟಿಸು, ಕೆಳಗಿಳಿದ ಮೇಲೆ ಕೇಳಿದವರಿಗೆ "ಇದು ಆಟ ಅಮ್ಮ, ನನಗೆ ಯಾವ ಶಕ್ತಿಯೂ ಇಲ್ಲ" ಅಂತ ನೇರವಾಗಿ ಹೇಳು. ಹೇಗೆ ಮಾಡಿದೆ ಅಂತ ಹೇಳಬೇಕಾಗಿಲ್ಲ.

ಈಗ ಆ ನಾಣ್ಯದ ಆಟ ಒಂದನ್ನೇ ಇಟ್ಟುಕೋ, ಬೇರೆಲ್ಲ ಬದಿಗಿಡು. ಆಡುವ ಮಾತನ್ನೆಲ್ಲ ಒಂದು ಹಾಳೆಯಲ್ಲಿ ಬರೆ. "ಇಲ್ಲ" ಅನ್ನುವ ಪದ ಬಂದ ಕಡೆಯೆಲ್ಲ ಗೆರೆ ಎಳೆದು, ಆ ಜಾಗಕ್ಕೆ ಒಂದು ಪ್ರಶ್ನೆಯನ್ನೋ ಅವರ ಕೈಗೊಂದು ಕೆಲಸವನ್ನೋ ಇಡು. ಆಮೇಲೆ ಮೊಬೈಲನ್ನು ಕೂತ ಮಗುವಿನ ಕಣ್ಣಿನ ಎತ್ತರಕ್ಕೆ ಇಟ್ಟು ರೆಕಾರ್ಡ್ ಮಾಡಿ ಕಳಿಸು. ಈ ಸಲ ನಾನು ಕೈ ನೋಡುವುದಿಲ್ಲ, ನಿನ್ನ ಕಣ್ಣು ಮಾತ್ರ ನೋಡುತ್ತೇನೆ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಗೆಳೆಯ